ಮನಸ್ಸಿನ ಕಾಯಿಲೆ: ಗುಳಿಗೆಯೊಂದೇ ಸಾಲದು

ರೈತ ಬಾಂಧವರೇ, ಎತ್ತು ಮೇವು ಬಿಟ್ಟರೆ ಅಂದೇ ಪಶುವೈದ್ಯರನ್ನು ಕರೆತರುತ್ತೀರಿ. ಮನೆಯ ಮಗ ಊಟ, ನಿದ್ದೆ ಬಿಟ್ಟು ಮೂಲೆ ಹಿಡಿದರೆ ಮಾತ್ರ ತಿಂಗಳುಗಟ್ಟಲೆ ಮುಚ್ಚಿಡುತ್ತೀರಿ. ಇದಕ್ಕೆ ನಾಚಿಕೆ ಒಂದು ಕಾರಣ. ಆಸ್ಪತ್ರೆ ದೂರವೆಂಬುದು ಇನ್ನೊಂದು.

ದೂರವನ್ನು ತಗ್ಗಿಸುವ ದಾರಿಯನ್ನು ನಮ್ಮ ರಾಜ್ಯವೇ ತೋರಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ರೋಗಿಗಳಿಗೆ ಹತ್ತಿರದಲ್ಲೇ ಚಿಕಿತ್ಸೆ ಸಿಗುವಂತಾಯಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು.

ಆದರೆ ತುಸು ಗುಣವಾದೊಡನೆ ಗುಳಿಗೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಬೇಕಾಗುವುದು ಇಲ್ಲಿಯೇ. ಅವರು ಮನೆಯವರನ್ನು ಕೂರಿಸಿಕೊಂಡು ಕಾಯಿಲೆಯ ಬಗೆ ತಿಳಿಸುತ್ತಾರೆ. ಸಾಲ, ಕುಡಿತ, ಜಗಳಗಳ ಹೊರೆಯನ್ನು ವಿಚಾರಿಸುತ್ತಾರೆ. ಗುಣವಾದವನು ಮತ್ತೆ ದುಡಿಮೆಗೆ ಮರಳಲು ನೆರವಾಗುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ಅವರನ್ನು ಕೇಳಿ ಕಾಣಿರಿ.

ಬೆಳೆ ಹೋಗಿ ಸಾಲ ಉಳಿದವನಿಗೆ ಸಮಾಧಾನದ ಮಾತೇ ಪರಿಹಾರವಲ್ಲ, ನಿಜ. ಬೆಲೆ, ಬೆಳೆವಿಮೆಗಳ ಹೊಣೆಯಿಂದ ಸರ್ಕಾರ ನುಣುಚಿಕೊಳ್ಳುವಂತಿಲ್ಲ. ಆದರೆ ಪ್ರಾಣ ಉಳಿದರಲ್ಲವೇ ಮುಂದಿನ ಬಿತ್ತನೆ?

"ಬದುಕೇ ಸಾಕಾಗಿದೆ" ಎಂಬ ಮಾತು ಕಿವಿಗೆ ಬಿದ್ದರೆ ಹಗುರವಾಗಿ ಕಾಣಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಕೀಟನಾಶಕಕ್ಕೆ ಬೀಗ ಹಾಕಿ, ಕೀಲಿಯನ್ನು ಬೇರೆಯವರ ಕೈಯಲ್ಲಿಡಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಇಂದೇ ವಾಚನಾಲಯದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.