ಪಟ್ಟಣದಲ್ಲಿ ನಮ್ಮ ಊಟವೆಲ್ಲಿ?

ಪಟ್ಟಣಕ್ಕೆ ಹೋದ ಹಳ್ಳಿಗನು ಅಲ್ಲಿಯೂ ತನ್ನ ಮನೆಯ ಊಟವೇ ಅಗ್ಗವಾಗಿ, ರುಚಿಯಾಗಿ ದೊರೆಯಬೇಕೆಂದು ಬಯಸುವುದು ಬರಿಯ ಹಟವೆಂದು ಮಿತ್ರರೊಬ್ಬರು ನಮ್ಮ ಸಂಘದ ಕಳೆದ ಸಭೆಯಲ್ಲಿ ನುಡಿದರು. "ಹೋದಲ್ಲಿ ಸಿಕ್ಕಿದ್ದನ್ನು ಉಂಡು ಬರುವುದೇ ಜಾಣತನ" ಎಂಬುದು ಅವರ ಮತ. ಸಭೆ ನಕ್ಕಿತು, ನಾವೂ ನಕ್ಕೆವು. ಮನೆಗೆ ಬಂದ ಮೇಲೆ ಆ ನಗು ನಮಗೆ ಸರಿದೋರಲಿಲ್ಲ. ಏಕೆಂಬುದನ್ನು ವಾಚಕರ ಮುಂದಿಡುತ್ತೇವೆ.

ಕಳೆದ ವರ್ಷ ತಿಗನಾರೆಯ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದೊಯ್ದಿದ್ದೆವು. ಅರಮನೆಯನ್ನೂ ಮೃಗಾಲಯವನ್ನೂ ನೋಡಿ ಹಸಿದ ಮಕ್ಕಳು ದೊಡ್ಡ ಹೋಟಲೊಂದರಲ್ಲಿ ಸಾಲಾಗಿ ಕುಳಿತರು. ಐದನೆಯ ತರಗತಿಯ ಹುಡುಗನೊಬ್ಬ ಮಾಣಿಯನ್ನು ಕರೆದು, "ಅಣ್ಣಾ, ಹಿಟ್ಟು ಸಿಕ್ಕದಾ?" ಎಂದು ಕೇಳಿದನು. ನಮ್ಮ ಕಡೆ ಮುದ್ದೆಗೆ ಹಿಟ್ಟೆಂದೇ ಹೆಸರು. ಪಕ್ಕದ ಮೇಜಿನವರು ತಿರುಗಿ ನೋಡಿದರು. "ಸುಮ್ಮನಿರೋ, ಇಂಥ ಕಡೆ ಅದನ್ನೆಲ್ಲ ಕೇಳಬಾರದು" ಎಂದು ಗದರಿದವರು ಮಾಣಿಯಲ್ಲ, ಹೋಟಲಿನ ಒಡೆಯರಲ್ಲ; ಉಪಾಧ್ಯಾಯರಾದ ನಾವೇ. ಹುಡುಗ ತಲೆ ತಗ್ಗಿಸಿ, ಬಡಿಸಿದ ಅನ್ನದಲ್ಲಿ ಅರ್ಧವನ್ನು ಉಂಡು ಎದ್ದನು.

ಅವನು ಕೇಳಿದುದರಲ್ಲಿ ತಪ್ಪೇನಿತ್ತು? ತನ್ನ ತಂದೆ ಹೊಲದಲ್ಲಿ ಬೆಳೆದುದನ್ನು, ತಾಯಿ ದಿನವೂ ತೊಳಸಿ ಬಡಿಸುವುದನ್ನು ಕೇಳಿದನು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿ ನಮ್ಮ ತಾಳವಾಡಿ ಮದರಾಸಿನಲ್ಲಿಯೇ ಉಳಿದಾಗ ನಮ್ಮ ಕಚೇರಿ ಬೇರೆಯಾಯಿತು, ಒಲೆ ಬೇರೆಯಾಗಲಿಲ್ಲ. ಆ ಒಲೆಯ ಅನ್ನವನ್ನು ಕನ್ನಡದ ಊರಿನಲ್ಲಿಯೇ ಕೇಳಲು ನಾಚುವ ನಾವು, ಕನ್ನಡ ಉಳಿಯಬೇಕೆಂದು ಯಾವ ಮುಖದಿಂದ ಭಾಷಣ ಮಾಡೋಣ?

ಹೋಟಲಿನವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಉಡುಪಿಯ ಕಡೆಯವರು ದೂರದ ಊರುಗಳಲ್ಲಿ ಕನ್ನಡಿಗರ ಹಸಿವನ್ನು ಕಳೆದುದು ಸಣ್ಣ ಉಪಕಾರವಲ್ಲ. ಮದರಾಸಿನಲ್ಲಿ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟಲನ್ನೂ, ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗನ್ನೂ ತೆರೆದರು. ಅವರು ತಮ್ಮ ಊರಿನ ಅಡುಗೆಯನ್ನು ನಾಚದೆ ಬಡಿಸಿದರು. ಪಟ್ಟಣಗಳೇ ಅವರ ರುಚಿಗೆ ಒಗ್ಗಿದವು. ರಾಗಿಯ ನಾಡಿನವರಾದ ನಾವು ಮಾತ್ರ ನಮ್ಮ ಮುದ್ದೆಯನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಹೋದೆವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಜಾತಿಯ ಕಾರಣದಿಂದ ಯಾರನ್ನೂ ಹೋಟಲಿನ ಬಾಗಿಲಲ್ಲಿ ತಡೆಯಕೂಡದೆಂದು ಸಾರಿತು. ಉಣ್ಣುವವನು ಒಳಗೆ ಬಂದನು. ಅನೇಕ ಕಡೆ ಅವನ ಊಟ ಹೊರಗೇ ಉಳಿಯಿತು. "ಕೇಳುವವರೇ ಇಲ್ಲ" ಎನ್ನುತ್ತಾರೆ ಹೋಟಲಿನವರು. ಕೇಳಿದ ಹುಡುಗನನ್ನು ಗದರಿಸಿದವರು ಇದಕ್ಕೆ ಏನು ಉತ್ತರ ಕೊಟ್ಟಾರು?

ಈಗ ಕಾಲ ಬದಲಾಗಿದೆಯೆನ್ನುವರು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶವಿದೆಯೆಂದು ವೈದ್ಯರೂ ಹೊಗಳುತ್ತಾರೆ. ಸಂತೋಷ. ಆದರೆ ಬೆಳೆದವನ ಮಗ ಕೊಳ್ಳಲಾರದ ಬೆಲೆಗೆ ಅದೇ ರಾಗಿಯನ್ನು ಹೊಳೆಯುವ ತಟ್ಟೆಯಲ್ಲಿಟ್ಟು ಮಾರಿದರೆ, ಅದನ್ನು ಗೌರವವೆಂದು ನಾವು ಒಪ್ಪಲಾರೆವು. ಮೊದಲು ಬಡವರ ಊಟವೆಂದು ಹಳಿದರು. ಈಗ ಬಡವರಿಗೆ ಎಟುಕದಂತೆ ಮಾಡುತ್ತಿರುವರು.

ಹಾಗಾದರೆ ಪಟ್ಟಣದಲ್ಲಿ ನಮ್ಮ ಊಟವೇ ಇಲ್ಲವೆ? ಇದೆ. ಪ್ರವಾಸದ ಎರಡನೆಯ ದಿನ ದೇವರಾಜ ಮಾರುಕಟ್ಟೆಯ ಬಳಿ ಮೂಟೆ ಹೊರುವವರೊಬ್ಬರನ್ನು ನಾಚಿಕೆ ಬಿಟ್ಟು ಕೇಳಿದೆವು. ಅವರು ಓಣಿಯೊಂದಕ್ಕೆ ಕರೆದೊಯ್ದರು. ದೊಡ್ಡ ಬೋರ್ಡಿಲ್ಲ, ದೀಪಾಲಂಕಾರವಿಲ್ಲ. ಬಿಸಿ ಮುದ್ದೆ, ಉಪ್ಪುಸಾರು, ಸೊಪ್ಪಿನ ಪಲ್ಯ. ಮಕ್ಕಳೆಲ್ಲ ಹೊಟ್ಟೆ ತುಂಬ ಉಂಡರೂ ಹಿಂದಿನ ದಿನದ ಬಿಲ್ಲಿನ ಅರ್ಧವೂ ಆಗಲಿಲ್ಲ. ಹಿಂದಿನ ದಿನ ತಲೆ ತಗ್ಗಿಸಿದ್ದ ಹುಡುಗ ಎರಡನೆಯ ಮುದ್ದೆಯನ್ನು ತಾನೇ ಕೇಳಿ ಹಾಕಿಸಿಕೊಂಡನು.

ಆದುದರಿಂದ ವಿದ್ಯಾರ್ಥಿಗಳಿಗೆ ನಮ್ಮ ಮಾತಿಷ್ಟು. ಬೋರ್ಡನ್ನು ನಂಬಬೇಡಿ, ಮೈಮುರಿದು ದುಡಿಯುವವರು ಎಲ್ಲಿ ಉಣ್ಣುವರೋ ಅಲ್ಲಿಗೆ ಹೋಗಿ. ಮಾರುಕಟ್ಟೆ, ಬಸ್ಸು ನಿಲ್ದಾಣ, ಲಾರಿ ನಿಲ್ಲುವ ಸ್ಥಳ, ಇವುಗಳ ಸುತ್ತಮುತ್ತ ವಿಚಾರಿಸಿ. ಮುದ್ದೆ ಆರಿದರೆ ಸೊಗಸಿಲ್ಲ. ನಡುಹಗಲಿನ ಹೊತ್ತಿಗೇ ತಲಪಿರಿ. ಕುಳಿತುಕೊಳ್ಳುವ ಮುನ್ನ ಬೆಲೆ ಕೇಳುವುದು ಅವಮಾನವಲ್ಲ. ಮಿಲಿಟರಿ ಹೋಟಲುಗಳಲ್ಲಿ ಮುದ್ದೆ ಸಿಕ್ಕುವುದುಂಟು. ಅಲ್ಲಿ ಬಾಡಿನ ಸಾರೇ ಮುಖ್ಯ, ಮಾಂಸ ಒಲ್ಲದವರು ಮೊದಲೇ ವಿಚಾರಿಸಬೇಕು. ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಈರೋಡು, ಕೊಯಮತ್ತೂರುಗಳ ಕಡೆ ಹೋದಾಗ ಕಳಿಯೆಂದು ಕೇಳಿರಿ, ರಾಯಲಸೀಮೆಯಲ್ಲಿ ಸಂಗಟಿಯೆನ್ನಿರಿ. ನೆರೆಯ ತಮಿಳರ ಕಳಿಯೂ ತೆಲುಗರ ಸಂಗಟಿಯೂ ನಮ್ಮ ಮುದ್ದೆಯ ಒಡಹುಟ್ಟುಗಳು. ಭಾಷೆಯ ಹೆಸರಿನಲ್ಲಿ ಅವುಗಳೊಡನೆ ನಮಗೆ ಜಗಳವಿಲ್ಲ.

ಮಿತ್ರರು ಕ್ಷಮಿಸಬೇಕು. ಸಿಕ್ಕಿದ್ದನ್ನು ಉಣ್ಣುವುದು ಜಾಣತನವಿರಬಹುದು. ಆದರೆ ಕೇಳದೆ ಇದ್ದರೆ ಸಿಕ್ಕುವುದಾದರೂ ಹೇಗೆ? ಮುಂದಿನ ಪ್ರವಾಸದಲ್ಲಿ ಯಾವ ಮಗುವನ್ನೂ ನಾವು ಸುಮ್ಮನಿರೆನ್ನುವುದಿಲ್ಲ. ಹೋಟಲಿಗೆ ಕಾಲಿಟ್ಟೊಡನೆ "ಹಿಟ್ಟು ಇದೆಯೇ?" ಎಂದು ಮೊದಲು ಕೇಳತಕ್ಕವರು ನಾವು.