ಕಾಲು ತೋರಿಸಲು ಒಂದು ದಿನ

ಹಸುವಿನ ಕೆಚ್ಚಲು ಚೂರು ಬಾತರೂ ಅವತ್ತೇ ಡಾಕ್ಟರಿಗೆ ಫೋನು ಮಾಡುತ್ತೇವೆ. ನಮ್ಮ ಮೀನಖಂಡದ ಮೇಲೆ ನೀಲಿ ನರ ಗಂಟುಗಂಟಾಗಿ ಎದ್ದರೆ ಸೀರೆ ಇಳಿಬಿಟ್ಟು ಮುಚ್ಚಿಕೊಳ್ಳುತ್ತೇವೆ.

ನರ ಅಂದರೂ ಅದು ರಕ್ತನಾಳ. ರಕ್ತವನ್ನು ಮೇಲಕ್ಕೆ ಒಯ್ಯುವ ನಾಳದ ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ. ಅಮ್ಮನಿಗಿದ್ದರೆ, ಹೆರಿಗೆಗಳಾಗಿದ್ದರೆ ಸಾಧ್ಯತೆ ಹೆಚ್ಚು. ಒಲೆ ಮುಂದೆ ನಿಂತೇ ಇರುವುದು, ಅಡಿಕೆ ಕಾಲದಲ್ಲಿ ನಡುರಾತ್ರಿವರೆಗೆ ಮೆಟ್ಟುಗತ್ತಿ ಮುಂದೆ ಕೂತೇ ಇರುವುದು ಬಾಧೆ ಹೆಚ್ಚಿಸುತ್ತವೆ. ನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಮಲಗುವಾಗ ಕಾಲ ಕೆಳಗೆ ದಿಂಬಿಡಿ. ಬಿಗಿ ಕಾಲುಚೀಲ ಡಾಕ್ಟರು ಹೇಳಿದ ಅಳತೆಯದೇ ಆಗಬೇಕು. ಹಳೆ ಸೀರೆ ಬಿಗಿಯುವುದು ಬೇಡ.

ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ ತುರಿಸಿದರೆ ಕಾಯಬೇಡಿ. ಹುಣ್ಣಾದರೆ ಬೇಗ ಮಾಯುವುದಿಲ್ಲ, ಸಗಣಿ ಗಂಜಲದ ನಡುವೆಯಂತೂ ಕೇಳುವುದೇ ಬೇಡ. ನಾಳ ಒಡೆದು ರಕ್ತ ಸುರಿದರೆ ಮಲಗಿ, ಕಾಲೆತ್ತಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಒಂದೇ ಕಾಲು ದಿಢೀರನೆ ಬಾತು ನೋವಾದರೂ ಅವತ್ತೇ ಹೋಗಬೇಕು.

ಲೇಸರ್ ಚಿಕಿತ್ಸೆಯಾದವರು ಸಾಮಾನ್ಯವಾಗಿ ಅದೇ ದಿನ ಮನೆಗೆ ಬರುತ್ತಾರೆ. ಆದರೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರದಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋದರೆ ಸಂಜೆ ಹಾಲು ಕರೆಯುವವರು ಯಾರು? ನಮ್ಮನ್ನು ತಡೆಯುವುದು ಇದೇ. ಸಂಘದ ಸಭೆಯಲ್ಲಿ ಇದನ್ನು ಎತ್ತೋಣ. ಪಕ್ಕದ ಮನೆಯವರು ಕರೆಯಲಿ, ಇಲ್ಲವೇ ಮನೆಯ ಗಂಡಸರು ಕಲಿಯಲಿ. ಹೊಸ ಕೈಗೆ ಹಸು ಒದೆಯುವುದು ನಿಜ. ಎಂಟು ದಿನ ಮೊದಲೇ ಅಭ್ಯಾಸ ಮಾಡಿಸಿ.