ಉಕ್ಕಿಗೆ ಅಪ್‌ಡೇಟ್ ಬರಲ್ಲ

ಬಲೆನೊ, ಆಲ್ಟ್ರೋಜ್, ಐ20. ಮೂರೂ ಬೇರೆ ಬೇರೆ ಕಂಪನಿಯವು. ಆದರೆ ಟೇಪ್ ಹಿಡಿದು ಅಳೆದ್ರೆ ಮೊದಲೆರಡರ ಉದ್ದ 3,990 ಮಿ.ಮೀ., ಐ20ಯದು 3,995. ಇದು ಕಾಕತಾಳೀಯ ಅಲ್ಲ. ಉದ್ದ 4,000 ಮಿ.ಮೀ., ಪೆಟ್ರೋಲ್ ಎಂಜಿನ್ 1,200 ಸಿಸಿ ಮೀರದಿದ್ದರೆ ನಮ್ಮಲ್ಲಿ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಜಿಎಸ್‌ಟಿ 18%, ದೊಡ್ಡ ಕಾರಿಗೆ 40%.

ಹಾಗಾಗಿ ಪ್ರೀಮಿಯಂ ಹ್ಯಾಚ್‌ಬ್ಯಾಕ್ ಅಂದ್ರೆ ನಾಲ್ಕು ಮೀಟರ್‌ನೊಳಗಿನ ಜಾಗದ ಲೆಕ್ಕಾಚಾರ. ಚಕ್ರಗಳನ್ನು ಮೂಲೆಗೆ ತಳ್ಳಿದಷ್ಟೂ ಒಳಗೆ ಕಾಲು ಚಾಚಲು ಜಾಗ ಹೆಚ್ಚು. ಬಲೆನೊದ ವೀಲ್‌ಬೇಸ್ 2,520 ಮಿ.ಮೀ., ಐ20ಯದು 2,580. ಆಲ್ಟ್ರೋಜ್‌ನ ಬಾಗಿಲು 90 ಡಿಗ್ರಿ ತೆರೆಯುತ್ತೆ. ಮಂಡಿನೋವಿರುವ ಅಜ್ಜಿಗೆ ಸನ್‌ರೂಫ್‌ಗಿಂತ ಇದೇ ದೊಡ್ಡ ಫೀಚರ್.

ಇದೇ ಅಳತೆಯೊಳಗೆ ಡಿಕ್ಕಿ ತಡೆಯುವ ವ್ಯವಸ್ಥೆಯೂ ಇರಬೇಕು. ಡಿಕ್ಕಿಯಾದಾಗ ಬಾನೆಟ್ ಭಾಗ ನಜ್ಜುಗುಜ್ಜಾಗಿ ಹೊಡೆತವನ್ನು ನುಂಗಬೇಕು, ಜನ ಕೂತ ಗೂಡು ಮಾತ್ರ ಅಲುಗಬಾರದು. 2020ರಲ್ಲಿ ಗ್ಲೋಬಲ್ ಎನ್‌ಸಿಎಪಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ಪರೀಕ್ಷಿಸಿದಾಗ ಆಲ್ಟ್ರೋಜ್‌ಗೆ ದೊಡ್ಡವರ ಸುರಕ್ಷತೆಯಲ್ಲಿ 5 ಸ್ಟಾರ್ ಸಿಕ್ಕಿತು. ಮಕ್ಕಳ ಸುರಕ್ಷತೆಯಲ್ಲಿ ಸಿಕ್ಕಿದ್ದು 3. ಜಾಹೀರಾತಲ್ಲಿ ಕಣ್ಣಿಗೆ ಬೀಳೋದು ಮೊದಲ ಅಂಕಿ. ಮನೆಯಲ್ಲಿ ಮಗು ಇದ್ರೆ ಎರಡನೆಯದನ್ನೂ ಕೇಳಿ. ಪರೀಕ್ಷೆ ಯಾವ ವರ್ಷದ, ಯಾವ ಮಾದರಿಯದು ಅಂತಲೂ ಕೇಳಿ.

ಸಾಫ್ಟ್‌ವೇರ್‌ನವನಾಗಿ ಹೇಳ್ತೀನಿ, ಟಚ್‌ಸ್ಕ್ರೀನ್ ನಿಧಾನವಾದ್ರೆ ಅಪ್‌ಡೇಟ್ ಬರಬಹುದು, ಇಲ್ಲವಾದ್ರೆ ಹೊರಗಡೆ ಹೊಸದನ್ನೇ ಹಾಕಿಸಬಹುದು. ಸೀಟ್ ಕವರ್, ಅಲಾಯ್ ವೀಲ್, ರಿವರ್ಸ್ ಕ್ಯಾಮೆರಾನೂ ಹಾಗೇ. ಆದರೆ ಬಾಡಿಯ ಉಕ್ಕು, ಸೈಡ್ ಏರ್‌ಬ್ಯಾಗ್, ಇಎಸ್‌ಸಿ ಆಮೇಲೆ ಸೇರಿಸೋಕಾಗಲ್ಲ. ಮಳೆಯಲ್ಲಿ ತಿರುವಿನಲ್ಲಿ ಕಾರು ಜಾರಿದ್ರೆ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರೋದು ಈ ಇಎಸ್‌ಸಿ. ಬಜೆಟ್ ಬಿಗಿಯಿದ್ರೆ ದುಡ್ಡು ಮೊದಲು ಇವಕ್ಕೆ ಹೋಗಲಿ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಅಪ್ಪ ಅಮ್ಮನನ್ನು ಹಿಂದೆ ಕೂರಿಸಿ, ಹತ್ತಿ ಇಳಿಯಲು ಹೇಳಿ. ಮಗುವಿನ ಸೀಟ್ ಇದ್ದರೆ ತಗೊಂಡು ಹೋಗಿ, ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ ನೋಡಿ. ಆಮೇಲೆ ಬೇಕಾದ್ರೆ ಸ್ಕ್ರೀನ್ ಮುಟ್ಟಿ ನೋಡಿ.